ತ್ರಿಕಾಸ್ಥಿಯ ಮೇಲೆ ಕಾಯಿಲ್ ಇಟ್ಟು ಪುಡೆಂಡಲ್ ನರ ನೋಡುವುದು: ನನ್ನ ಅನುಭವ

ಮಲಮೂತ್ರದ ಹಿಡಿತ ತಪ್ಪಿದವರಲ್ಲಿ ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದ ಮೂಳೆ) ಎಸ್2ರಿಂದ ಎಸ್4ರವರೆಗಿನ ನರಬೇರುಗಳು, ಅಂದರೆ ಪುಡೆಂಡಲ್ ನರ ಹುಟ್ಟುವ ಬೇರುಗಳು, ಕೆಲಸ ಮಾಡುತ್ತಿವೆಯೇ ಎಂದು ನೋಡಲು ನಾನು ಮ್ಯಾಗ್ನೆಟಿಕ್ ಸ್ಟಿಮ್ಯುಲೇಟರ್ (ಕಾಯಿಲ್ ಎಂಬ ತಂತಿ ಸುರುಳಿಯಿಂದ ಕಾಂತೀಯ ಪೆಟ್ಟು ಕೊಟ್ಟು ನರವನ್ನು ಪ್ರಚೋದಿಸುವ ಯಂತ್ರ) ಬಳಸುತ್ತೇನೆ. ಗುದದ ಹೊರ ಸ್ಫಿಂಕ್ಟರ್‌ನಲ್ಲಿ (ಗುದವನ್ನು ಬಿಗಿಹಿಡಿಯುವ ಸ್ನಾಯು) ಸ್ಪಂದನ ಸಾಮಾನ್ಯವಾಗಿ 3ರಿಂದ 5 ಮಿಲಿಸೆಕೆಂಡಿಗೇ ಬಂದುಬಿಡುತ್ತದೆ. ಕಾಯಿಲ್ ಹೊಡೆದಾಗ ಏಳುವ ಆರ್ಟಿಫ್ಯಾಕ್ಟ್ (ಸ್ನಾಯುವಿನದಲ್ಲದ ಹುಸಿ ಅಲೆ) ಸಹ ಅದೇ ಹೊತ್ತಿಗೆ ಪರದೆ ತುಂಬಾ ಕೂತಿರುತ್ತದೆ. ಕಾಯಿಲ್ ಹಿಡಿಯುವುದು ಬೇಗ ಬರುತ್ತದೆ; ಇವೆರಡನ್ನೂ ಬೇರ್ಪಡಿಸಲು ಕಲಿಯುವುದೇ ಕಷ್ಟ.

ಮೊದಲೇ ಕೇಳಿಬಿಡುತ್ತೇನೆ: ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್, ಸ್ಯಾಕ್ರಲ್ ನ್ಯೂರೋಮಾಡ್ಯುಲೇಟರ್ (ತ್ರಿಕಾಸ್ಥಿಯ ನರ ಪ್ರಚೋದಿಸಲು ದೇಹದೊಳಗೆ ಇಟ್ಟ ಸಾಧನ), ಸೊಂಟದಲ್ಲಿ ರಾಡು, ಸ್ಕ್ರೂ, ಗರ್ಭ. ಯಾವುದೊಂದಿದ್ದರೂ ಪರೀಕ್ಷೆ ಮಾಡುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ಪಂದನ ದಾಖಲಿಸುವ ಸೂಜಿ ಹಾಕುವುದಿಲ್ಲ. ವಾಚು, ಎಟಿಎಂ ಕಾರ್ಡು, ಮೊಬೈಲು ಕೋಣೆಯ ಹೊರಗೆ. ಕಿವಿಗೆ ಪ್ಲಗ್ ಹಾಕುವುದು ರೋಗಿಗೂ ನಮಗೂ. "ಅಮ್ಮಾ, ಬೆನ್ನ ಕೆಳಗೆ ಟಪ್ ಅಂತ ತಟ್ಟಿದ ಹಾಗಾಗುತ್ತೆ, ಕಾಲು ಒಮ್ಮೆ ಜಿಗಿಯಬಹುದು, ಹೆದರಬೇಡಿ" ಎಂದು ಹೇಳದೆ ಹೊಡೆದರೆ ಅವರು ಸ್ನಾಯು ಬಿಗಿಹಿಡಿದು ಬೇಸ್‌ಲೈನ್ (ಪರದೆಯ ಸಮತಟ್ಟು ಗೆರೆ) ಹಾಳಾಗುತ್ತದೆ. ಮೇಲೆ ಹೊದಿಕೆ, ಪಕ್ಕದಲ್ಲಿ ನರ್ಸ್ ಇರಲೇಬೇಕು.

ಎಡಮಗ್ಗುಲಿಗೆ, ಮಂಡಿ ಹೊಟ್ಟೆಗೆ ಮಡಚಿ ಮಲಗಿಸುತ್ತೇನೆ. ಸ್ಪಂಜ್ ಎಲೆಕ್ಟ್ರೋಡ್‌ನಲ್ಲಿ ನೋವಿಲ್ಲ, ಆದರೆ ಎಡಬಲ ಬೆರೆತುಹೋಗುತ್ತದೆ. ಹಾಗಾಗಿ ಸ್ಫಿಂಕ್ಟರ್‌ಗೆ ಕಾನ್ಸೆಂಟ್ರಿಕ್ ಸೂಜಿ (ಒಂದೇ ಸೂಜಿಯಲ್ಲಿ ಎರಡು ಎಲೆಕ್ಟ್ರೋಡ್ ಇರುವುದು), ಒಂದೊಂದು ಬದಿಗೆ ಬೇರೆ ಬೇರೆ. ಸೂಜಿಯ ತಂತಿಗಳನ್ನು ಒಂದಕ್ಕೊಂದು ಹೊಸೆದು ಬಿಡಬೇಕು. ತಂತಿ ಕುಣಿಕೆಯಾಗಿ ಬಿದ್ದಿದ್ದರೆ ಕಾಯಿಲ್‌ನ ಕ್ಷೇತ್ರ ಅದರಲ್ಲೇ ವೋಲ್ಟೇಜ್ ಹುಟ್ಟಿಸುತ್ತದೆ. ಗ್ರೌಂಡ್‌ಗೆ ಉಪ್ಪುನೀರಿನಲ್ಲಿ ನೆನೆಸಿದ ಅಗಲದ ಪಟ್ಟಿ ತೊಡೆಯ ಮೇಲ್ಭಾಗಕ್ಕೆ. ಪಟ್ಟಿ ಒಣಗಿದರೆ ಆರ್ಟಿಫ್ಯಾಕ್ಟ್ ಮತ್ತೆ ಉಬ್ಬುತ್ತದೆ, ಆದ್ದರಿಂದ ಅರ್ಧ ದಾರಿಯಲ್ಲಿ ಮತ್ತೆ ನೆನೆಸುತ್ತೇನೆ. ಫಿಲ್ಟರ್ 20 ಹರ್ಟ್ಸ್‌ನಿಂದ 10 ಕಿಲೋಹರ್ಟ್ಸ್. ಕೆಳಮಿತಿ ಏರಿಸಿ ಆರ್ಟಿಫ್ಯಾಕ್ಟ್ ತಗ್ಗಿಸಲು ಹೊರಟರೆ ಅಲೆಯೇ ಕೆಡುತ್ತದೆ.

90 ಮಿಲಿಮೀಟರಿನ ದುಂಡು ಕಾಯಿಲ್‌ನ ನಡುವಿನ ತೂತಿನ ಕೆಳಗೆ ಪ್ರೇರಿತ ವಿದ್ಯುತ್ ಇಲ್ಲವೇ ಇಲ್ಲ ಎನ್ನಬಹುದು. ಬಲ ಇರುವುದು ಸುರುಳಿಯ ಕೆಳಗೆ. ಹೊಸಬರು ತೂತನ್ನು ಬೆನ್ನುಮೂಳೆಯ ಮೇಲೆ ಇಟ್ಟು ಏನೂ ಬರುತ್ತಿಲ್ಲ ಎನ್ನುತ್ತಾರೆ. ಸೊಂಟದ ಹಿಂದಿನ ಎರಡು ಗುಳಿಗಳು ಎಸ್2ರ ಮಟ್ಟ. ಅಲ್ಲಿಂದ ಶುರುಮಾಡಿ, ಮಧ್ಯರೇಖೆಯಿಂದ ಎರಡು ಬೆರಳು ಆಚೆಗೆ ಸುರುಳಿ ಬರುವಂತೆ ಇಟ್ಟು, ಒಂದೊಂದೇ ಸೆಂಟಿಮೀಟರ್ ಕೆಳಗೆ ಸರಿಸುತ್ತೇನೆ. ಶಕ್ತಿ 50 ಶೇಕಡಾದಿಂದ ಹತ್ತತ್ತು ಏರಿಸುತ್ತಾ, ಲೇಟೆನ್ಸಿ (ಪೆಟ್ಟಿನಿಂದ ಸ್ಪಂದನದವರೆಗಿನ ಸಮಯ) ಇನ್ನು ಕುಗ್ಗುವುದಿಲ್ಲ ಎನ್ನುವಲ್ಲಿಗೆ ನಿಲ್ಲಿಸಿ, ನಾಲ್ಕು ಟ್ರೇಸ್ (ದಾಖಲಾದ ಅಲೆ) ಒಂದರ ಮೇಲೊಂದು ಹಾಕುತ್ತೇನೆ.

ಬಂದದ್ದು ಸ್ನಾಯುವಿನದೇ ಎಂದು ಹೇಗೆ ಗೊತ್ತು? ಕಾಯಿಲ್ ತಿರುವಿ ಹಾಕಿ ಹೊಡೆಯುತ್ತೇನೆ. ಆರ್ಟಿಫ್ಯಾಕ್ಟ್ ತಲೆಕೆಳಗಾಗುತ್ತದೆ, ನಿಜವಾದ ಸ್ಪಂದನ ಆಗುವುದಿಲ್ಲ. ಇದರಷ್ಟು ಸುಲಭದ, ನಂಬಬಹುದಾದ ಪರೀಕ್ಷೆ ನನಗೆ ಬೇರೆ ಸಿಕ್ಕಿಲ್ಲ. ಇನ್ನೊಂದು ಮೋಸ ಗ್ಲೂಟಿಯಸ್ (ಪೃಷ್ಠದ ಸ್ನಾಯು) ನದು. ಅದೂ ಅದೇ ಪೆಟ್ಟಿಗೆ ಕುಗ್ಗಿ, ಅದರ ಅಲೆ ಸೂಜಿಗೆ ಹರಿದು ಬರುತ್ತದೆ. ಎರಡನೇ ಚಾನೆಲ್‌ನಲ್ಲಿ ಗ್ಲೂಟಿಯಸ್ ಮೇಲೆ ಸರ್ಫೇಸ್ ಎಲೆಕ್ಟ್ರೋಡ್ ಇಟ್ಟಿರುತ್ತೇನೆ. ಎರಡೂ ಒಟ್ಟಿಗೆ ಏಳುತ್ತಾ, ಸೂಜಿಯ ಅಲೆ ಮೊದಲು ಪಾಸಿಟಿವ್ ಕಡೆಗೆ ಜಾರಿದರೆ ಆ ಟ್ರೇಸ್ ಬಿಟ್ಟುಬಿಡುತ್ತೇನೆ.

ಆಂಪ್ಲಿಟ್ಯೂಡ್ (ಅಲೆಯ ಎತ್ತರ) ವರದಿ ಮಾಡುವುದಿಲ್ಲ, ಏಕೆಂದರೆ ಎಲ್ಲ ನರತಂತುಗಳೂ ಪ್ರಚೋದನೆಗೊಂಡಿವೆ ಎಂಬ ಖಾತ್ರಿಯಿಲ್ಲ. ಪ್ರಚೋದನೆ ಆಗುವುದು ನರಬೇರು ತ್ರಿಕಾಸ್ಥಿಯ ರಂಧ್ರದಿಂದ ಹೊರಬೀಳುವಲ್ಲಿ. ಹಾಗಾಗಿ ಅದಕ್ಕೂ ಮೇಲಿರುವ ಕಾಡಾ ಈಕ್ವಿನಾದ (ಬೆನ್ನುಹುರಿಯ ತುದಿಯ ಕೆಳಗಿನ ನರಬೇರುಗಳ ಗೊಂಚಲು) ತೊಂದರೆಯನ್ನು ಈ ಪರೀಕ್ಷೆ ಒಂದೇ ಕಾಣಿಸಲಾರದು. ವೇಗದ ಕೆಲವೇ ತಂತುಗಳು ಉಳಿದಿದ್ದರೂ ಲೇಟೆನ್ಸಿ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಸೂಜಿ ತೆಗೆಯುವ ಮುಂಚೆ "ಈಗ ಬಿಗಿಹಿಡಿಯಿರಿ" ಎಂದು ಹೇಳಿ, ಇಎಂಜಿಯನ್ನೂ (ಸ್ನಾಯುವಿನ ವಿದ್ಯುತ್ ಚಟುವಟಿಕೆಯ ದಾಖಲೆ) ನೋಡಿಕೊಂಡೇ ವರದಿ ಬರೆಯುತ್ತೇನೆ.