ಇಂಗ್ಲಿಷಿನಲ್ಲಿ ನಿನ್ನೆಯ ಮಾತು ಹೇಳುವುದು ಹೇಗೆ?

ಟ್ಯೂಷನ್ನಿಗೆ ಬರುವ ಕನ್ನಡ ಮೀಡಿಯಂ ಮಕ್ಕಳಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ಸಿಂಪಲ್ ಪಾಸ್ಟ್, ಅಂದರೆ ಆಗಿಹೋದದ್ದನ್ನು ಹೇಳುವ ಭೂತಕಾಲ, ಅಂದರೆ ಹೆದರಬೇಡಿ, ಒಂದು ವಿಷಯದಲ್ಲಿ ಅದು ಕನ್ನಡಕ್ಕಿಂತ ಸುಲಭ. ನಮ್ಮಲ್ಲಿ ಹೋದೆ, ಹೋದಳು, ಹೋದರು, ಹೋಯಿತು ಎಂದು ಕೊನೆ ಬದಲಾಗುತ್ತಲೇ ಇರುತ್ತದೆ. ಅಲ್ಲಿ ಐ, ಶೀ, ದೇ, ಇಟ್ ಯಾವುದೇ ಇರಲಿ, ವೆಂಟ್ ಒಂದೇ. ವಾಸ್ ಮತ್ತು ವರ್ ಮಾತ್ರ ಬೇರೆ ಬೇರೆ.

ಹೆಚ್ಚಿನ ಕ್ರಿಯಾಪದಗಳಿಗೆ ಕೊನೆಯಲ್ಲಿ ಇ-ಡಿ ಸೇರಿಸಿದರೆ ಸಾಕು. ಕೊನೆಯಲ್ಲಿ ಆಗಲೇ ಇ ಇದ್ದರೆ ಡಿ ಮಾತ್ರ. ಸ್ಟಡಿಯಲ್ಲಿ ವೈ ಹೋಗಿ ಐ-ಇ-ಡಿ ಬರುತ್ತದೆ. ಪ್ಲೇನಲ್ಲಿ ವೈಗೆ ಮುಂಚೆ ಎ ಇದೆ, ಅದಕ್ಕೇ ವೈ ಉಳಿಯುತ್ತದೆ. ಸ್ಟಾಪ್‌ಗೆ ಎರಡು ಪಿ.

ಬರೆಯುವುದಕ್ಕಿಂತ ಹೇಳುವಾಗ ನಾವು ಜಾಸ್ತಿ ಎಡವುತ್ತೇವೆ. ಎಲ್ಲದಕ್ಕೂ ಸುಮ್ನೆ "ಎಡ್" ಅಂಟಿಸಬೇಡಿ. ಗಂಟಲ ಮೇಲೆ ಬೆರಳಿಟ್ಟು ಕ್ರಿಯಾಪದದ ಕೊನೆಯ ಸದ್ದನ್ನು ಮಾತ್ರ ಹೇಳಿ ನೋಡಿ. ಕ್, ಪ್, ಶ್ ಅಂದಾಗ ಗಂಟಲು ಅದುರುವುದಿಲ್ಲ. ಅಲ್ಲಿ ಟ್ ಸದ್ದು: ವಾಕ್ಟ್, ಹೆಲ್ಪ್ಟ್, ವಾಶ್ಟ್. ಲ್, ನ್ ಅಂದಾಗ ಅದುರುತ್ತದೆ. ಅಲ್ಲಿ ಡ್: ಕಾಲ್ಡ್, ಓಪನ್ಡ್. ಕೊನೆಯಲ್ಲಿ ಟಿ ಅಥವಾ ಡಿ ಸದ್ದೇ ಇದ್ದರೆ ಮಾತ್ರ ಇಡ್: ವಾಂಟಿಡ್, ನೀಡಿಡ್.

ರೂಲಿಗೆ ಸಿಗದ ಪದಗಳನ್ನು ಬಾಯಿಪಾಠ ಮಾಡಲೇಬೇಕು. ಆದರೆ ಎ ಇಂದ ಝೆಡ್‌ವರೆಗೆ ಪಟ್ಟಿ ಉರು ಹೊಡೆಯಬೇಡಿ. ಪ್ರಾಸ ನೋಡಿ ಗುಂಪು ಮಾಡಿ. ಬಾಟ್, ಬ್ರಾಟ್, ಥಾಟ್, ಕಾಟ್ ಒಂದು ಕಡೆ. ಸ್ಯಾಂಗ್, ರ್‍ಯಾಂಗ್, ಡ್ರ್ಯಾಂಕ್ ಇನ್ನೊಂದು ಕಡೆ. ಕಟ್, ಪುಟ್, ಹಿಟ್ ಬದಲಾಗುವುದೇ ಇಲ್ಲ. ನಾವು ಬಾ–ಬಂದ, ಕೊಡು–ಕೊಟ್ಟ ಕಲಿತದ್ದೂ ಕೇಳಿ ಕೇಳಿಯೇ ಅಲ್ವಾ?

ಇನ್ನು ಡಿಡ್. ಇದು ಸರಿಯಾಗುವವರೆಗೆ ನಾನು ಮುಂದಿನ ಪಾಠಕ್ಕೆ ಹೋಗುವುದಿಲ್ಲ. "ಐ ಡಿಡ್ ನಾಟ್ ವೆಂಟ್" ತಪ್ಪು. ಡಿಡ್‌ನಲ್ಲೇ ಭೂತಕಾಲ ಬಂದಾಯಿತು, ಇನ್ನೊಮ್ಮೆ ಬೇಡ: "ಐ ಡಿಡ್ ನಾಟ್ ಗೋ." ಕನ್ನಡದಲ್ಲೂ ಹೋಗಲಿಲ್ಲ ಅನ್ನುತ್ತೇವೆ, "ಹೋದಲಿಲ್ಲ" ಅನ್ನುವುದಿಲ್ಲ. ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ದಾರಿ ತಪ್ಪಿಸುತ್ತದೆ. "ಹೋದೆಯಾ?" ಎನ್ನುವ ಅಭ್ಯಾಸದಿಂದ "ಡಿಡ್ ಯೂ ವೆಂಟ್" ಬಾಯಿಗೆ ಬಂದುಬಿಡುತ್ತದೆ. "ಡಿಡ್ ಯೂ ಗೋ" ಅನ್ನಿ. ವಾಸ್, ವರ್ ಇದ್ದಲ್ಲಿ ಡಿಡ್ ಬೇಕಿಲ್ಲ: "ವರ್ ಯೂ ಅಟ್ ಹೋಮ್?"

ರಾತ್ರಿ ಮಲಗುವ ಮುಂಚೆ, ಅಂದು ಮಾಡಿದ ಐದು ಕೆಲಸ ಬರೆಯಿರಿ. ಒಂದೊಂದನ್ನೂ ಮೂರು ಥರ ಗಟ್ಟಿಯಾಗಿ ಹೇಳಿ: ಐ ಏಟ್ ದೋಸೆ. ಐ ಡಿಡ್ ನಾಟ್ ಈಟ್ ದೋಸೆ. ಡಿಡ್ ಯೂ ಈಟ್ ದೋಸೆ?