ಕೆಂಪು ಬಣ್ಣದ ಶೆಲ್

ಕಲಬುರಗಿ ಎಪಿಎಂಸಿಯ ಒಂದು ಅಡತಿ ಅಂಗಡಿಗೆ ತೊಗರಿ ಲೆಕ್ಕದ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಪೈಥಾನ್ ಭಾಷೆಯ ವೆಬ್ ಚೌಕಟ್ಟು ಜ್ಯಾಂಗೊ, ಡೇಟಾಬೇಸ್ ಪೋಸ್ಟ್‌ಗ್ರೆಸ್, ಅಷ್ಟೇ. ತೊಂದರೆ ಬಂದಾಗ ನಾನು ಮೊದಲು ತೆರೆಯುವುದು ಜ್ಯಾಂಗೊ ಶೆಲ್, ಅಂದರೆ ಕೋಡ್ ಟೈಪ್ ಮಾಡಿ ಡೇಟಾವನ್ನು ನೇರವಾಗಿ ನೋಡುವ, ಬದಲಿಸುವ ಕಿಟಕಿ.

ಸುಗ್ಗಿಯಲ್ಲಿ ಒಂದು ದಿನ ಮುನೀಮರ ಫೋನ್. "ಅಣ್ಣಾರ, ನಸುಕಿನ್ಯಾಗ ಬಂದ ಗಾಡಿ ನಿನ್ನಿ ತಾರೀಖಿಗಿ ಯಾಕ ತೋರಸ್ತದ?"

ಶೆಲ್‌ನಲ್ಲಿ ನೋಡಿದರೆ ಹಿಂದಿನ ರಾತ್ರಿ 22:45 ಎಂದಿತ್ತು. ಗಾಡಿ ಬಂದದ್ದು ಬೆಳಗಿನ 4:15ಕ್ಕೆ. ಡೇಟಾಬೇಸ್‌ನಿಂದ ಸಮಯ ಬರುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ನನ್ನ ರಿಪೋರ್ಟ್ ಅದರಿಂದಲೇ ತಾರೀಖು ಕಿತ್ತುಕೊಳ್ಳುತ್ತಿತ್ತು. ಅದನ್ನು ನಮ್ಮ ಸಮಯಕ್ಕೆ ತಿರುಗಿಸುವ ಲೋಕಲ್‌ಟೈಮ್ ಫಂಕ್ಷನ್ ಹಾಕಿದ ಮೇಲೆ ಸರಿಹೋಯಿತು. ಆದರೆ ತಪ್ಪು ಹುಡುಕುವಾಗ ಪ್ರತಿ ಸಾಲಿಗೂ ಬೆರಳೆಣಿಸಿ ಕೂತಿದ್ದೆನಲ್ಲ, ಅದು ಬೇಸರವಾಯಿತು.

ಹೆಚ್ಚು ಸೌಲಭ್ಯವಿರುವ ಪೈಥಾನ್ ಶೆಲ್ ಐಪೈಥಾನ್ ಹಾಕಿಕೊಂಡೆ. ಅದಿದ್ದರೆ ಜ್ಯಾಂಗೊ ತಾನೇ ಅದನ್ನು ಬಳಸುತ್ತದೆ. ಶೆಲ್ ತೆರೆದಾಗ ತಾನೇ ಓಡುವ ಫೈಲ್‌ಗಳನ್ನಿಡುವ ಅದರ ಸ್ಟಾರ್ಟ್ಅಪ್ ಫೋಲ್ಡರ್‌ನಲ್ಲಿ ಒಂದು ಫೈಲ್ ಇಟ್ಟೆ: ಲಾಟ್ ನಂಬರ್ ಕೊಟ್ಟರೆ ತೂಕ, ದರ, ನಮ್ಮೂರಿನ ಸಮಯ ಒಂದೇ ಸಾಲಿನಲ್ಲಿ ಬರುತ್ತದೆ. ಮಾಡೆಲ್‌ಗಳನ್ನು, ಅಂದರೆ ಡೇಟಾಬೇಸ್ ಕೋಷ್ಟಕಗಳನ್ನು ವಿವರಿಸುವ ಕೋಡನ್ನು, ಕೈಯಿಂದ ಇಂಪೋರ್ಟ್ ಮಾಡುವ ಕೆಲಸ 2025ರ ಜ್ಯಾಂಗೊ 5.2ರಿಂದ ತಪ್ಪಿದೆ. ಬದಲಾದ ಕೋಡನ್ನು ತಾನೇ ಮತ್ತೆ ಓದಿಕೊಳ್ಳುವ ಆಟೋರೀಲೋಡ್ ಕೂಡ ಆನ್ ಮಾಡಿದೆ. ಸಾದಾ ಫಂಕ್ಷನ್‌ಗಳಿಗೆ ಚೆನ್ನಾಗಿದೆ. ಮಾಡೆಲ್ ಬದಲಿಸಿದರೆ ಮಾತ್ರ ಶೆಲ್ ಮುಚ್ಚಿ ತೆಗೆಯುವುದೇ ವಾಸಿ.

ಇಷ್ಟೆಲ್ಲ ಅನುಕೂಲ ಆದ ಮೇಲೆ ಕೈ ಜೋರಾಯಿತು. ಎರಡು ಟರ್ಮಿನಲ್ ಪಕ್ಕಪಕ್ಕ ತೆರೆದಿದ್ದೆ, ಒಂದು ನನ್ನ ಲ್ಯಾಪ್‌ಟಾಪಿನದು, ಇನ್ನೊಂದು ಅಂಗಡಿ ಬಳಸುವ ಲೈವ್ ಸರ್ವರ್‌ನದು. ಎರಡೂ ಒಂದೇ ಥರ ಕಾಣುತ್ತಿದ್ದವು. ಯಾವ ಲಾಟ್ ಎಂದು ಹೇಳುವ ಫಿಲ್ಟರ್ ಇಲ್ಲದ ಒಂದು ಅಪ್‌ಡೇಟ್ ಓಡಿಸಿದೆ, ಲೈವ್‌ನಲ್ಲಿ. ಎಲ್ಲ ಲಾಟ್‌ಗಳ ದರ ಸೊನ್ನೆ! ಹಳೆಯವು ರಾತ್ರಿಯ ಬ್ಯಾಕಪ್‌ನಿಂದ ಬಂದವು. ಆ ದಿನದವನ್ನು ಮುನೀಮರ ಕಿರ್ದಿ ನೋಡಿ ಒಂದೊಂದಾಗಿ ತುಂಬಿದೆ. ಅವರು ಬೈಯಲಿಲ್ಲ. ಕಿರ್ದಿ ಬರೆಯುವುದನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಅವತ್ತೇ ಐಪೈಥಾನ್ ಪ್ರಾಂಪ್ಟ್, ಅಂದರೆ ಟೈಪ್ ಮಾಡುವ ಸಾಲಿನ ಮೊದಲಿಗೆ ಕಾಣುವ ಗುರುತು, ಬದಲಿಸಿದೆ. ಲೈವ್ ಆದರೆ ಕೆಂಪು ಬಣ್ಣದಲ್ಲಿ 'ಲೈವ್' ಎಂದು ಬರುತ್ತದೆ, ಲ್ಯಾಪ್‌ಟಾಪ್ ಆದರೆ ಹಸಿರು. ಬಣ್ಣವನ್ನಷ್ಟೇ ನಂಬಲು ಧೈರ್ಯ ಸಾಲಲಿಲ್ಲ. ಲೈವ್ ಶೆಲ್ ತೆರೆಯುವ ಸ್ಕ್ರಿಪ್ಟ್‌ನಲ್ಲಿ ಪಿಜಿಆಪ್ಷನ್ಸ್ ಎಂಬ ಸೆಟ್ಟಿಂಗ್ ಮೂಲಕ ಪೋಸ್ಟ್‌ಗ್ರೆಸ್ ಟ್ರಾನ್ಸಾಕ್ಷನ್‌ಗಳನ್ನು ರೀಡ್ ಓನ್ಲಿ, ಅಂದರೆ ಓದಲಷ್ಟೇ ಬರುವಂತೆ, ಮಾಡಿಟ್ಟೆ. ಬೇಕೆಂದೇ ತೆಗೆಯುವವರನ್ನು ಇದು ತಡೆಯುವುದಿಲ್ಲ. ಬೀಗವಲ್ಲ, ಚಿಲಕ. ನನ್ನಂಥ ಅವಸರದವರಿಗೆ ಸಾಕು.

ಮೊನ್ನೆ ಕೆಂಪು ಪ್ರಾಂಪ್ಟ್ ಕಣ್ಣೆದುರೇ ಇದ್ದರೂ ಮತ್ತೆ ಅಪ್‌ಡೇಟ್ ಒತ್ತಿದೆ. ರೀಡ್ ಓನ್ಲಿ ಎಂದು ಎರರ್ ಬಂತು. ಮುನೀಮರಿಗೆ ಹೇಳಲಿಲ್ಲ.