ಬಾಲ ಊರಿ ಕೂರದ ಹಾಗೆ ಎ320 ಮಾಡೋದು ಹೇಗೆ

ಏರ್‌ಬಸ್ ಎ320 ವಿಮಾನದ ಪ್ಲಾಸ್ಟಿಕ್ ಮಾದರಿ ಕಿಟ್‌ನ ಡಬ್ಬಿ ಬಿಚ್ಚಿದ ಕೂಡಲೇ ಅಂಟು ಹಚ್ಚಬೇಡಿ. ಮೊದಲು ಮೂಗಿನೊಳಗೆ ತೂಕ ಹಾಕಬೇಕು. ನನ್ನ ಮೊದಲ ಎ320ಗೆ ಇದನ್ನು ಮರೆತಿದ್ದೆ, ಬಣ್ಣ ಎಲ್ಲ ಮುಗಿಸಿ ಟೇಬಲ್ ಮೇಲೆ ಇಟ್ಟರೆ ಮೂಗು ಮೇಲೆತ್ತಿ ಬಾಲ ಊರಿ ಕೂತುಬಿಟ್ಟಿತು! ಮೈಯ ಎರಡು ಹೋಳು ಅಂಟಿಸಿದ ಮೇಲೆ ಒಳಗೆ ಏನೂ ತುರುಕೋಕೆ ಆಗಲ್ಲ.

ಕಿಟ್ ನಾನು ಆನ್‌ಲೈನ್‌ನಲ್ಲಿ ತರಿಸುತ್ತೇನೆ, ಉಳಿದದ್ದು ಹುಬ್ಬಳ್ಳಿಯಲ್ಲೇ ಸಿಗುತ್ತದೆ. ತೂಕಕ್ಕೆ ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಸಾಕು. ಎಂ-ಸೀಲ್ ಕಲಸಿ, ಗುಂಡುಗಳನ್ನು ಅದರಲ್ಲಿ ಹುದುಗಿಸಿ, ಕಾಕ್‌ಪಿಟ್ ಹಿಂದೆ ಒತ್ತಿ. ಆಮೇಲೆ ಮೈ, ರೆಕ್ಕೆ, ಬಾಲ ಎಲ್ಲವನ್ನೂ ಬರೀ ಟೇಪ್ ಹಚ್ಚಿ ಜೋಡಿಸಿ, ರೆಕ್ಕೆ ಕೆಳಗಿನ ದೊಡ್ಡ ಚಕ್ರ ಬರುವ ಜಾಗದಲ್ಲಿ ಒಂದು ಪೆನ್ಸಿಲ್ ಅಡ್ಡ ಇಟ್ಟು ನೋಡಿ. ಮೂಗು ತಾನಾಗೇ ಕೆಳಗೆ ಬಂದರೆ ಸರಿ, ಇಲ್ಲದಿದ್ದರೆ ಇನ್ನೂ ನಾಲ್ಕು ಗುಂಡು.

ಕಾಕ್‌ಪಿಟ್ ಗಾಜಿಗೆ ಸೂಪರ್ ಗ್ಲೂ ಬೇಡ, ಅದರ ಆವಿಗೆ ಗಾಜು ಮಂಜಾಗುತ್ತದೆ. ಬಿಳಿ ಫೆವಿಕಾಲ್ ಹಚ್ಚಿ.

ಬೆನ್ನಿನ ಮೇಲಿನ ಜೋಡಣೆ ಗೆರೆಯನ್ನು 800, ಆಮೇಲೆ 1500 ನಂಬರ್ ಎಮರಿ ಪೇಪರ್‌ನಿಂದ ನೀರು ಹಾಕಿ ಉಜ್ಜಿ. ಗಾಡಿ ಪೇಂಟ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಉಗುರು ಆಡಿಸಿದಾಗ ತಡೆಯಬಾರದು, ಕಣ್ಣನ್ನು ನಂಬಬೇಡಿ.

ಎಲ್ಲಕ್ಕಿಂತ ಕಾಟ ಕೊಡೋದು ಬಿಳಿ ಬಣ್ಣ. ಒಂದೇ ಸಲ ದಪ್ಪಗೆ ಹೊಡೆದರೆ ಇಳಿಯುತ್ತದೆ, ಅದಕ್ಕೆ ತೆಳ್ಳಗೆ ನಾಲ್ಕೈದು ಸಲ ಹೊಡೆಯಿರಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಸ್ಪ್ರೇ ಮಾಡಿದರೆ ಮೇಲ್ಮೈ ಮಸುಕಾಗುತ್ತದೆ, ಬೇಸಿಗೆಯಲ್ಲಿ ಮಾಡಿದರೆ ಗಾಳಿಗೆ ಬಂದ ಧೂಳೆಲ್ಲ ವಿಮಾನದ ಮೇಲೇ ಇಳಿಯುತ್ತದೆ, ಹಾಗಾಗಿ ನಾನು ದೀಪಾವಳಿ ಮುಗಿಯೋವರೆಗೆ ಕಾಯುತ್ತೇನೆ.

ಪ್ಯಾನೆಲ್ ಗೆರೆಗಳಿಗೆ (ವಿಮಾನದ ಮೈಯ ತಗಡುಗಳು ಸೇರೋ ಜಾಗ ತೋರಿಸೋ ಸಣ್ಣ ಗೆರೆಗಳು) ಕಪ್ಪು ಶಾಯಿ ತುಂಬೋ ಹುಚ್ಚು ಬಿಡಿ. 37.57 ಮೀಟರ್ ವಿಮಾನ 1/144 ಅಳತೆಯಲ್ಲಿ 26 ಸೆಂಟಿಮೀಟರ್ ಆಗುತ್ತದೆ. ಅಂದರೆ ಇಲ್ಲಿನ 1 ಮಿಲಿಮೀಟರ್ ಗೆರೆ ಅಲ್ಲಿ 14 ಸೆಂಟಿಮೀಟರ್ ಬಿರುಕು! ಪೆನ್ಸಿಲ್‌ನಿಂದ ಸುಮ್ನೆ ಮುಟ್ಟಿಸಿದರೆ ಸಾಕು.

ಕೊನೆಗೆ ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಮೈಗೆ ಅಂಟಿಸೋ ತೆಳು ಚಿತ್ರಗಳು. ಬೋರ್ ನೀರಿನಲ್ಲಿ ನೆನೆಸಬೇಡಿ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಫಿಲ್ಟರ್ ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳಿ. ಕಿಟಕಿಗಳ ಉದ್ದ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ, ಅದನ್ನು ಎರಡು ತುಂಡು ಮಾಡಿ, ಬಾಗಿಲಿನ ಗುರುತಿನಿಂದ ಶುರು ಮಾಡಿ, ಕುಂಚದಿಂದ ಜರುಗಿಸಿ. ಫ್ಯಾನ್ ಆಫ್ ಮಾಡಿರಬೇಕು ಮತ್ತೆ.